ಬಾಬಾಸಾಹೇಬರ ಹೊಲದ ಬಿಳಿ ಮೂಲೆ

ರಾಯಬಾಗದ ಒಂದು ನರ್ಸರಿಯಲ್ಲಿ ನಾನು ದಿನಗೂಲಿ. ಸಸಿಗಳಿಗಿಂತ ನಾನೇ ಹೆಚ್ಚು ನೆರಳಲ್ಲಿರುತ್ತೇನೆಂಬುದು ಮಾಲೀಕರ ದೂರು. ಕಸಿ ಕಟ್ಟುತ್ತೇನೆ, ಅರ್ಧದಷ್ಟು ಬದುಕುತ್ತವೆ, ಉಳಿದವಕ್ಕೆ ಹವಾಮಾನವನ್ನು ಬೈಯುತ್ತೇನೆ. ಇಂಥವನನ್ನು ನಂಬಿ ಉಗಾರ ಬುದ್ರುಕದಿಂದ ಬಾಬಾಸಾಹೇಬ ಕಾಕಾ ಬಂದರು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಎರಡು ಮಾವಿನ ಕಡ್ಡಿಗಳು.

ಅವರ ಹೆಂಡತಿ ಸೋನಾಬಾಯಿ ಕಾಕು ಮದುವೆಯಾದ ವರ್ಷ ಮುಗಳಖೋಡದ ತವರಿನಿಂದ ಸಸಿ ತಂದು ಹೊಲದ ಮೂಲೆಯಲ್ಲಿ ಹಚ್ಚಿದ್ದರು. ಅದು ದೊಡ್ಡ ಮರವಾದಾಗ, ನೆರಳಿಗೆ ಕಬ್ಬು ಏಳುವುದಿಲ್ಲವೆಂದು ಕಾಕಾ ಕಡಿಸಿಬಿಟ್ಟರು. ಕಾಕು ಜಗಳವಾಡಲಿಲ್ಲ, ಅಂದಿನಿಂದ ಮಾವಿನ ಹಣ್ಣು ಮುಟ್ಟಲಿಲ್ಲ, ಅಷ್ಟೇ. ಈಗ ತವರಿನ ತಾಯಿಮರವೂ ಗಾಳಿಗೆ ಬಿದ್ದಿತ್ತು. ಅದರಿಂದ ಉಳಿದದ್ದು ಈ ಎರಡೇ ಕಡ್ಡಿ.

ಪುಣ್ಯಕ್ಕೆ ಎರಡೂ ಕಸಿ ಹಿಡಿದವು. ಒಂದಷ್ಟು ದಿನ ನಾನು ಎದೆಯುಬ್ಬಿಸಿ ಓಡಾಡಿದೆ.

ಮೊದಲ ಸಸಿಯನ್ನು ಕಾಕಾ ಅದೇ ಮೂಲೆಯಲ್ಲಿ ನೆಟ್ಟರು. ಎಲೆಯ ಅಂಚು ಸುಟ್ಟಂತಾಯಿತು. ಬಾಯಾರಿಕೆಯೆಂದು ಮೋಟರ್ ಚಾಲೂ ಮಾಡಿದರು. ಜೀವಮಾನವೆಲ್ಲ ಕಬ್ಬಿಗೆ ನೀರು ಬಿಟ್ಟ ಕೈ. ಎಲೆ ಸುಟ್ಟಷ್ಟೂ ನೀರು ಬಿಟ್ಟರು. ಸಸಿ ಸತ್ತಿತು.

ಎರಡನೆಯದನ್ನು ಕೊಡುವ ಮೊದಲು ನಾನು ಹೊಲ ನೋಡಿದೆ. ಮೂಲೆಯೆಲ್ಲ ಸುಣ್ಣ ಚೆಲ್ಲಿದಂತೆ ಬೆಳ್ಳಗಿತ್ತು. ಮಣ್ಣು ಪರೀಕ್ಷಿಸಿದವರು ವಿವರಿಸಿದರು: ಇಷ್ಟು ವರ್ಷ ಕಬ್ಬಿಗೆ ಬಿಟ್ಟ ನೀರೆಲ್ಲ ಕಪ್ಪು ಎರಿ ಮಣ್ಣಿನಡಿ ನಿಂತು ಉಪ್ಪನ್ನು ಮೇಲಕ್ಕೆಳೆದಿದೆ, ಬೇರು ನೀರಲ್ಲೇ ಇದ್ದರೂ ಮಾವು ಅದನ್ನು ಕುಡಿಯಲಾರದು. ಬಸಿಗಾಲುವೆ ತೆಗೆದು, ಜಿಪ್ಸಮ್ ಹಾಕಿ, ವರ್ಷಗಟ್ಟಲೆ ಕಾಯಬೇಕು. ಸದ್ಯಕ್ಕೆ ಹೊಂಗೆ ಬದುಕೀತು.

ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದೆ. ಕಾಕಾ ಕೇಳಿದರು:

"ನಾ ಕಾಯ್ತೀನಿ, ತಮ್ಮಾ. ಚೀಲದಾಗಿನ ಸಸಿ ಕಾಯತೈತೇನು?"

ಬಾಗಿಲಲ್ಲಿ ನಿಂತಿದ್ದ ಕಾಕು ಉತ್ತರ ಕೊಟ್ಟರು. "ತವರಿನಾಗ ನಮ್ಮ ತಮ್ಮನ ಕೆಂಪು ಮಸಾರಿ ಹೊಲಕ್ಕ ಒಯ್ಯೂಣು. ಅದರ ತಾಯಿ ಬೆಳದ ಮಣ್ಣು ಅದು."

"ನಮ್ಮ ಹೊಲದಾಗಿನ ಹಣ್ಣು ನಿನ್ನ ಕೈಯಾಗ ಇಡಬೇಕಂತಿತ್ತು."

"ಇರ್ಲಿ ಬಿಡ್ರಿ. ಅಲ್ಲಿಗೆ ಹೋಗಿ ಮತ್ತ ನೀವು ನೀರ್ ಬಿಡಬ್ಯಾಡ್ರಿ."

ಸಸಿ ಮುಗಳಖೋಡದ ಕೆಂಪು ಮಣ್ಣಿನಲ್ಲಿ ಚಿಗುರಿದೆ. ಕಾಕಾ ಆಗಾಗ ಹೋಗಿ, ಭಾವಮೈದುನನ ಬದುವಿನ ಮೇಲೆ ಬೀಗರಂತೆ ಕೈಕಟ್ಟಿ ನಿಂತು ನೋಡಿ ಬರುತ್ತಾರೆ. ಇತ್ತ ಬಿಳಿ ಮೂಲೆಯಲ್ಲಿ ನಾನು ನೆಟ್ಟ ಹೊಂಗೆ ಹಿಡಿದಿದೆ. ಅದರ ಕಡೆ ಅವರು ತಿರುಗಿಯೂ ನೋಡುವುದಿಲ್ಲ.

ಮೊನ್ನೆ ನರ್ಸರಿಗೆ ಬಂದ ಕಾಕಾ, ಆ ಮೂಲೆಯ ಉಪ್ಪು ಇಳಿದು ಮಾವು ಹಿಡಿಯಲು ಇನ್ನೆಷ್ಟು ವರ್ಷ ಬೇಕೆಂದು ಕೇಳಿದರು. ಅವರಿಗೆ ಎಪ್ಪತ್ತು ದಾಟಿದೆ. ನಾನು ಹವಾಮಾನದ ಮಾತು ತೆಗೆದೆ.