ಹಮೀದಾಕನ ಕುಂಟು ಎಂಜಿನ್

ಹಮೀದಾಕ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಸೌದಿಯ ದಮ್ಮಾಮಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದಾಗ ಅವರ ಎಡಗಾಲಿನ ಮೇಲೆ ಒಂದು ಕಂಪ್ರೆಸರ್ ಬಿದ್ದಿತ್ತಂತೆ. ಬಲಗಾಲು ಟಪ್ಪೆಂದು ಬೀಳುತ್ತಿತ್ತು, ಎಡಗಾಲು ಚಪ್ಪಲಿ ಎಳೆದುಕೊಂಡು ಹಿಂದಿನಿಂದ ಬರುತ್ತಿತ್ತು. ಮಂಗಳೂರಿನ ಶಕ್ತಿನಗರದ ನಮ್ಮ ಮನೆಯ ಗೇಟಿನ ಹತ್ತಿರ ಆ ಶಬ್ದ ಕೇಳಿಸಿದರೆ ಸಾಕು, ಅಮ್ಮ ಚಾಕ್ಕೆ ಇನ್ನೊಂದು ಲೋಟ ನೀರು ಸೇರಿಸುತ್ತಿದ್ದಳು. ಅಪ್ಪನ ಚಾಕ್ಕೆ ಸಕ್ಕರೆ ಇಲ್ಲ, ಹಮೀದಾಕನ ಚಾಕ್ಕೆ ಮೂರು ಚಮಚ. "ಸಕ್ಕರೆ ಇಲ್ಲದ ಚಾ ಕುಡಿಯುವುದಕ್ಕಿಂತ ಆ ಬಿಸಿನೀರಲ್ಲಿ ಮುಖ ತೊಳೀಬಹುದು" ಎನ್ನುವುದು ಅವರ ಸಿದ್ಧಾಂತ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಅದರ ಆಚೀಚೆ ನಿಂತು ಅಪ್ಪ ಮತ್ತು ಅವರು ಜಗಳ ಆಡದ ದಿನವೇ ಇರಲಿಲ್ಲ. ಅಪ್ಪ ಲೋಕಯ್ಯನವರು ಹಬೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ರೈಲ್ವೆಗೆ ಸೇರಿ, ಡೀಸೆಲ್ ಓಡಿಸಿ ನಿವೃತ್ತರಾದವರು. ಹಬೆಯಲ್ಲಿ ನಡೆಯದ್ದು ಯಾವುದೂ ಅವರ ಲೆಕ್ಕದಲ್ಲಿ ಯಂತ್ರವಲ್ಲ. "ನಿನ್ನ ಏಸಿ ಎಂತ ಯಂತ್ರ ಮಾರಾಯ, ಗಾಳಿ ಬೇಕಾದ್ರೆ ಮಂಗಳೂರಲ್ಲಿ ಕಡಲಿಲ್ವಾ?" ಎಂದು ಶುರುಮಾಡಿದರೆ ಹಮೀದಾಕ ಗೋಡೆಗೆ ಒರಗಿ ಕೇಳುತ್ತಿದ್ದರು. ಅವರಿಬ್ಬರ ನಡುವೆ ಓಡುತ್ತಿದ್ದದ್ದು ತುಳು. ಅದನ್ನು ನಾನು ಕನ್ನಡದಲ್ಲಿ ಬರೆಯುವಾಗ ಬೈಗುಳದ ಖಾರ ಅರ್ಧಕ್ಕರ್ಧ ಕಡಿಮೆಯಾಗಿದೆ, ಓದುವವರು ಸೇರಿಸಿಕೊಳ್ಳಬೇಕು.

ಆಮೇಲೆ ಸಕ್ಕರೆ ಕಾಯಿಲೆ ಅಪ್ಪನ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಅದಕ್ಕಿಂತ ಕಷ್ಟದ ಸಂಗತಿ ಏನೆಂದರೆ, ಅಪ್ಪ ಬೈಯುವುದನ್ನು ನಿಲ್ಲಿಸಿಬಿಟ್ಟರು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದರು. ಜಗಲಿಯ ಕುರ್ಚಿಯಲ್ಲಿ ಕೂತರೆ ಕತ್ತಲಾಗುವವರೆಗೂ ಅಲ್ಲೇ. ಅಮ್ಮ ಮನೆದೈವಕ್ಕೂ ಹರಕೆ ಹೇಳಿದಳು, ಬಿಕರ್ನಕಟ್ಟೆಯ ಬಾಲಯೇಸುವಿನ ಇಗರ್ಜಿಗೆ ಹೋಗಿ ಮೊಂಬತ್ತಿಯನ್ನೂ ಹಚ್ಚಿ ಬಂದಳು. ಹಮೀದಾಕ ದಿನವೂ ಬಂದು ಬೇಕೆಂದೇ ಏನಾದರೂ ಕೆಣಕಿ ನೋಡುತ್ತಿದ್ದರು. ಅಪ್ಪ "ಹೂಂ" ಎನ್ನುತ್ತಿದ್ದರು, ಅಷ್ಟೆ.

"ನಿನ್ನ ಅಪ್ಪನ ಬಾಯಿಂದ ಒಂದು ಬೈಗುಳ ಬೀಳದೆ ನನಗೆ ಉಂಡದ್ದು ಜೀರ್ಣ ಆಗುವುದಿಲ್ಲ ಮಗಾ," ಎಂದು ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದರು; ಹೆಣ್ಣಾದರೂ ಅವರ ಬಾಯಲ್ಲಿ ನಾನು ಮಗನೇ. "ಒಂದು ಪುಟ್ಟ ರೈಲು ಎಂಜಿನ್ ಮಾಡ್ತೇನೆ. ಬ್ಯಾಟರಿಯದ್ದಲ್ಲ, ಹಬೆಯಲ್ಲೇ ಓಡುವಂಥದ್ದು. ಕಣ್ಣು ಹೋದ್ರೆ ಎಂತಾಯ್ತು? ಲೋಕಯ್ಯಣ್ಣನಿಗೆ ಕಿವಿ ಉಂಟು, ಕೈ ಉಂಟು."

ಶಾರ್ಜಾದಲ್ಲಿರುವ ಹಮೀದಾಕನ ಮಗಳು ರಜೆಯಲ್ಲಿ ಬಂದಾಗ ಅವರಿಗೆ ವಸ್ತುಗಳನ್ನೇ ಅಚ್ಚು ಹಾಕುವ ಒಂದು ರೆಸಿನ್ ಪ್ರಿಂಟರ್ ತಂದುಕೊಟ್ಟಿದ್ದಳು. ತನ್ನ ಅಪ್ಪನಿಗೆ ಸುಮ್ಮನಿರುವುದು ಬರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ರೆಸಿನ್ ಎಂಬ ಜೇನಿನಷ್ಟು ಮಂದ ದ್ರವವನ್ನು ಅದರ ತಟ್ಟೆಗೆ ಹೊಯ್ದರೆ, ಕೆಳಗಿನಿಂದ ಬೆಳಕು ಬಿದ್ದ ಜಾಗ ಮಾತ್ರ ಗಟ್ಟಿಯಾಗುತ್ತ ಪದರದ ಮೇಲೆ ಪದರ ಕೂಡುತ್ತದೆ. ಕೆಲವು ಗಂಟೆಗಳಲ್ಲಿ ಒಂದು ಚಕ್ರವೋ ಬಾಗಿಲೋ ತಲೆಕೆಳಗಾಗಿ ನೇತಾಡುತ್ತ ಮೇಲೆ ಬರುತ್ತದೆ. ಬಂದದ್ದನ್ನು ಆಲ್ಕೋಹಾಲಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಐದು ಹೊತ್ತು ನಮಾಜು ಮಾಡುವ ಹಮೀದಾಕ ಹಂಪನಕಟ್ಟೆಯ ಅಂಗಡಿಯಿಂದ ಅದರ ಕ್ಯಾನನ್ನು ಹಿಡಿದುಕೊಂಡು ಹೊರಟರೆ, ದಾರಿಯಲ್ಲಿ ಯಾರೂ ಕೇಳುವ ಮೊದಲೇ "ಇದು ಕುಡಿಯುವುದಲ್ಲ ಮಾರಾಯ್ರೆ, ತೊಳೆಯುವುದು" ಎಂದು ಸಾರಿಕೊಂಡು ಬರುತ್ತಿದ್ದರು. ಹಾಗೆ ಹೇಳಿದ್ದರಿಂದಲೇ ಜನ ತಿರುಗಿ ನೋಡಿದರು ಎಂದು ಅವರ ಹೆಂಡತಿ ನೆಬಿಸಮ್ಮ ತಲೆ ಚಚ್ಚಿಕೊಂಡರು.

ನೆಬಿಸಮ್ಮನ ತಕರಾರು ಅಷ್ಟಕ್ಕೆ ಮುಗಿಯಲಿಲ್ಲ. ಅವರು ಹಲಸಿನ ಹಪ್ಪಳ ಒಣಗಿಸುವ ತಾರಸಿಯ ಒಳ್ಳೆಯ ಬಿಸಿಲಿನ ಮೂಲೆಯನ್ನು ಎಂಜಿನ್ನಿನ ಭಾಗಗಳು ಆಕ್ರಮಿಸಿಕೊಂಡವು. ಹಪ್ಪಳ ಕಾಯಲು ಕುಳಿತ ನೆಬಿಸಮ್ಮ ಒಮ್ಮೆ ತೂಕಡಿಸಿದಾಗ ಕಾಗೆ ಬಂತು. ಹಪ್ಪಳ ಬಿಟ್ಟು ಎಂಜಿನ್ನಿನ ಚಿಮಿಣಿಯನ್ನೇ ಎತ್ತಿಕೊಂಡು ಹೋಯಿತು. "ಕಾಗೆ ಗೂಡಲ್ಲಿ ಇನ್ನು ಒಲೆ ಉರಿಸ್ತದೆ," ಎಂದು ನೆಬಿಸಮ್ಮ ನಕ್ಕದ್ದು ಕೇಳಿ ನಾನೂ ಗೋಡೆಯ ಈಚೆಯಿಂದ ನಕ್ಕೆ. ಹಮೀದಾಕ ಇನ್ನೊಂದು ಚಿಮಿಣಿ ಮಾಡಿದರು.

ಮೊದಲ ಎಂಜಿನ್ ತಯಾರಾದಾಗ ಅದನ್ನು ನಮ್ಮ ಜಗಲಿಗೆ ತಂದರು. ಮೊಳದುದ್ದದ ಎಂಜಿನ್, ಅದಕ್ಕೆ ವೃತ್ತಾಕಾರದ ಪುಟ್ಟ ಹಳಿ. ಬಾಯ್ಲರ್ ಇನ್ನೂ ಆಗಿರಲಿಲ್ಲ, ಆದರೆ ಅವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಹಳೆಯ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿ ಕೊಟ್ಟು ಚಕ್ರ ತಿರುಗಿಸಿದರು. ರೆಸಿನ್ನಿನ ಸಿಲಿಂಡರು, ರೆಸಿನ್ನಿನ ಪಿಸ್ಟನ್ನು, ಎಲ್ಲ ಚೆನ್ನಾಗಿ ಓಡಿತು. ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟರು.

"ಇದು ಫ್ರಿಜ್ಜು," ಎಂದು ಹೇಳಿ ಗೋಡೆ ತಡವುತ್ತ ಒಳಗೆ ಹೋದರು.

ಹಮೀದಾಕನ ಮುಖ ನೋಡಲಾಗಲಿಲ್ಲ. ಆದರೆ ಛಲ ಬಿಡುವ ಆಸಾಮಿಯಲ್ಲ. ತಾಮ್ರಕ್ಕೆ ಬೆಸುಗೆ ಹಾಕುವುದು ಏಸಿಯವರಿಗೆ ದಿನದ ಕೆಲಸ; ದಪ್ಪ ತಾಮ್ರದ ಕೊಳವೆಯಿಂದ ಬಾಯ್ಲರ್ ಮಾಡಿ, ನೀರು ಒತ್ತಿ ಪರೀಕ್ಷಿಸಿ, ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳುವ ವಾಲ್ವನ್ನೂ ಕೂರಿಸಿದರು. ಬೆಂಕಿ ಹಚ್ಚಿದರು. ಹಬೆ ಸಿಲಿಂಡರಿನೊಳಗೆ ಹೊಕ್ಕಿದ್ದೇ ತಡ, ರೆಸಿನ್ ಮೆತ್ತಗಾಗಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಸೊಟ್ಟಗಾಯಿತು. ರೆಸಿನ್ ಬಾಟಲಿಯ ಮೇಲೆ ಶಾಖ ತಡೆಯುತ್ತದೆ ಎಂದು ಬರೆದದ್ದನ್ನು ಅವರು ನಂಬಿದ್ದರು. ಎಷ್ಟು ಶಾಖ ಎಂದು ಕೇಳುವುದು ಹೊಳೆದಿರಲಿಲ್ಲ.

"ಜೀವಮಾನ ಇಡೀ ತಣ್ಣಗೆ ಮಾಡಿದವ ನಾನು. ಬಿಸಿಯ ಬುದ್ಧಿ ನನಗೆ ಹೇಗೆ ಗೊತ್ತಾಗ್ಬೇಕು ಮಗಾ?" ಎಂದು ಆ ಸೊಟ್ಟ ಸಿಲಿಂಡರನ್ನು ನನ್ನ ಕೈಗಿಟ್ಟರು. ಅದು ಈಗಲೂ ನನ್ನ ಮೇಜಿನ ಮೇಲಿದೆ, ಪೆನ್ನು ಹಾಕಿಡುತ್ತೇನೆ.

ದಾರಿ ತೋರಿಸಿದವರು ಅಕ್ಕಸಾಲಿಗ ನಾಗೇಶ ಆಚಾರಿ. ಮೇಣದಂತೆ ಉರಿದುಹೋಗುವ ಇನ್ನೊಂದು ಬಗೆಯ ರೆಸಿನ್ನಿನಲ್ಲಿ ಸಿಲಿಂಡರನ್ನು ಮಾಡಿಕೊಟ್ಟರೆ, ಅದನ್ನು ಗಚ್ಚಿನಲ್ಲಿ ಹುದುಗಿಸಿ ಕುಲುಮೆಗಿಡುತ್ತಾರೆ. ರೆಸಿನ್ ಸುಟ್ಟು ಮಾಯವಾಗಿ ಅದೇ ಆಕಾರದ ಟೊಳ್ಳು ಉಳಿಯುತ್ತದೆ. ಅದಕ್ಕೆ ಕರಗಿದ ಹಿತ್ತಾಳೆ. "ಬೆಂಡೋಲೆ ಎರಕ ಹೊಯ್ಯುವ ಕೈಯಲ್ಲಿ ರೈಲು ಮಾಡಿಸ್ತೀರಲ್ಲ ಹಮೀದಾಕ," ಎಂದು ಆಚಾರಿ ಗೊಣಗಿದರೂ ಸಿಲಿಂಡರು, ಚಕ್ರ, ಕಡ್ಡಿಗಳೆಲ್ಲ ಅವರ ಅಂಗಡಿಯಿಂದ ಆಭರಣದ ಡಬ್ಬಿಯಲ್ಲೇ ಬಂದವು. ಬೆಂಕಿಯಿಂದ ದೂರ ಇರುವ ಮೈ, ಕ್ಯಾಬಿನ್, ಅದರ ಬಾಗಿಲುಗಳು ಮಾತ್ರ ರೆಸಿನ್ನಿನವಾಗಿ ಉಳಿದವು.

ಎರಡನೆಯ ಸಲ ಜಗಲಿಗೆ ತಂದಾಗ ಹಮೀದಾಕ ಬೆಂಕಿ ಹಚ್ಚುವ ಅವಸರ ಮಾಡಲಿಲ್ಲ. ತಣ್ಣಗಿದ್ದ ಎಂಜಿನ್ನನ್ನು ಅಪ್ಪನ ತೊಡೆಯ ಮೇಲಿಟ್ಟರು. ಅಪ್ಪನ ಬೆರಳುಗಳು ಅದರ ಮೇಲೆ ನಡೆಯತೊಡಗಿದವು. ಸಾಸಿವೆಗಿಂತ ಸಣ್ಣ ರಿವೆಟುಗಳ ಸಾಲನ್ನು ಹಿಡಿದು ಕ್ಯಾಬಿನ್ನಿಗೆ ಬಂದು, ಕಲ್ಲಿದ್ದಲು ಹಾಕುವ ಒಲೆಯ ಬಾಗಿಲಿನ ಮೇಲೆ ನಿಂತವು. ಅಲ್ಲಿ ಬಹಳ ಹೊತ್ತು ಇದ್ದವು. ಪ್ರಿಂಟರ್ ಯಾಕೆ ಬೇಕಿತ್ತು ಎಂದು ನನಗೆ ಆಗ ಅರ್ಥವಾಯಿತು. ಅಷ್ಟು ಸಣ್ಣ ಕೆಲಸ ಕಣ್ಣಿಗೆ ಚಂದ ಅಷ್ಟೆ, ಅಪ್ಪನ ಬೆರಳಿಗೆ ಅದು ಓದು.

ಆಮೇಲೆ ನೀರು ತುಂಬಿಸಿ ಬೆಂಕಿ ಕೊಟ್ಟರು. ಬಿಸಿ ಎಣ್ಣೆ ಮತ್ತು ಹಬೆಯ ವಾಸನೆ ಜಗಲಿ ತುಂಬ ಹರಡಿತು. ಎಂಜಿನ್ ಒಮ್ಮೆ ನಡುಗಿ, ನೀರು ಉಗುಳಿ, ಹೊರಟಿತು. ಅಪ್ಪ ತಲೆ ಓರೆ ಮಾಡಿದರು.

"ಹಮೀದ್! ಕಿವಿಯಲ್ಲಿ ಎಂತ ಉಂಟು ನಿನಗೆ, ಹತ್ತಿಯಾ? ಚಕ್ರ ಒಂದು ಸುತ್ತು ಬಂದ್ರೆ ನಾಲ್ಕು ಬಡಿತ ಒಂದೇ ಸಮ ಬರ್ಬೇಕು. ಒಂದು ಎಳೀತಾ ಉಂಟು. ಎಡಗಡೆ ವಾಲ್ವಿನ ಕಡ್ಡಿ ಉದ್ದ ಆಗಿದೆ. ಇದನ್ನು ಹಿಡ್ಕೊಂಡು ನನ್ನ ಜಗಲಿಗೆ ಬಂದಿಯಲ್ಲ, ನಾಚಿಕೆ ಆಗುದಿಲ್ವಾ?"

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಹಮೀದಾಕ ನೆಲದ ಮೇಲೆ ಕೂತು, ಬೈಗುಳ ಬಿದ್ದಷ್ಟೂ ನಗುತ್ತಿದ್ದರು. ಕಣ್ಣು ಒರೆಸಿಕೊಂಡದ್ದನ್ನು ಹಬೆಯ ಲೆಕ್ಕಕ್ಕೆ ಹಾಕಿದರು. ಆ ಮಧ್ಯಾಹ್ನವಿಡೀ ಕಡ್ಡಿ ತಿರುಗಿಸುವುದು, ಓಡಿಸುವುದು, ಬೈಸಿಕೊಳ್ಳುವುದು. ಅಂದಿನಿಂದ ದಿನವೂ ಅದೇ ಕೆಲಸ. ಎಷ್ಟು ತಿರುಗಿಸಿದರೂ ಆ ಒಂದು ಬಡಿತ ಪೂರ್ತಿ ಸರಿಯಾಗಲೇ ಇಲ್ಲ. "ನನ್ನ ಮಗು ಅಲ್ವಾ ಲೋಕಯ್ಯಣ್ಣ, ನನ್ನ ಹಾಗೇ ನಡೀತದೆ," ಎನ್ನುತ್ತಿದ್ದರು.

ಕಳೆದ ವರ್ಷ ಹಮೀದಾಕ, ನೆಬಿಸಮ್ಮ ಇಬ್ಬರನ್ನೂ ಮಗಳು ಶಾರ್ಜಾಕ್ಕೆ ಕರೆಸಿಕೊಂಡಳು. ಹೊರಡುವ ದಿನ ಹಮೀದಾಕ ಎಂಜಿನ್ನನ್ನು ಹಳೆಯ ಲುಂಗಿಯಲ್ಲಿ ಸುತ್ತಿ ತಂದು ಅಪ್ಪನ ತೊಡೆಯ ಮೇಲಿಟ್ಟರು. "ಬಾಯ್ಲರ್ ಹಿಡ್ಕೊಂಡು ಹೋದ್ರೆ ವಿಮಾನಕ್ಕೆ ಹತ್ತಿಸ್ತಾರಾ? ಇಲ್ಲೇ ಇರ್ಲಿ," ಎಂದರು. ಅಪ್ಪ "ಹೋಗು, ಹೋಗು, ತಡ ಮಾಡ್ಬೇಡ" ಎಂದು ಗದರಿದರು. ಆ ಹೆಜ್ಜೆ ಗೇಟು ದಾಟಿ ಕೇಳಿಸದಾಗುವವರೆಗೂ ಆ ಕಡೆಯಿಂದ ಮುಖ ತಿರುಗಿಸಲಿಲ್ಲ.

ಈಗ ಬೆಂಕಿ ಹಚ್ಚುವವಳು ನಾನು, ಬೈಸಿಕೊಳ್ಳುವವಳೂ ನಾನೇ. ಮೊನ್ನೆ ನಾಗೇಶ ಆಚಾರಿ ಬಂದಿದ್ದರು. ಹೊಸ ಕಡ್ಡಿಯನ್ನೇ ಹೊಯ್ದು ಕೊಡುತ್ತೇನೆ, ಬಡಿತ ಸರಿಹೋಗುತ್ತದೆ ಎಂದರು. "ಮುಟ್ಟಬೇಡಿ," ಎಂದರು ಅಪ್ಪ.

ನಿನ್ನೆ ಸಂಜೆ ಎಂಜಿನ್ ಸುತ್ತುತ್ತಿರುವಾಗ ಅಮ್ಮ ಒಳಗಿನಿಂದ ಚಾ ತಂದಳು. ತಟ್ಟೆಯಲ್ಲಿ ಒಂದು ಲೋಟ ಹೆಚ್ಚಿತ್ತು. ಹೊರಗೆ ಬಂದು ನೋಡಿದ ಮೇಲೆಯೇ ಅವಳಿಗೆ ಅದು ಗೊತ್ತಾದದ್ದು.

"ಅಯ್ಯೋ, ಶಬ್ದ ಕೇಳಿ ಮಾಡಿಬಿಟ್ಟೆ. ಇದಕ್ಕೆ ಸಕ್ಕರೆ ಬೇರೆ ಹಾಕಿದ್ದೇನೆ, ನಿಮಗೆ ಆಗುವುದಿಲ್ಲ," ಎಂದಳು.

"ನನಗೆ ಯಾಕೆ?" ಎಂದರು ಅಪ್ಪ. "ಅವನ ಜಾಗದಲ್ಲಿ ಇಡು."

ಅಮ್ಮ ಲೋಟವನ್ನು ಮೋಟುಗೋಡೆಯ ಮೇಲೆ ಇಟ್ಟಳು.