ಚಪ್ಪಲಿ ಹೊರಗೆ ಬಿಟ್ಟವರು

ಮುಂಬಯಿಯ ಸಯನ್‌ನಲ್ಲಿದ್ದ ನಮ್ಮ ಔಷಧಿ ಆಫೀಸಿಗೆ ದಾಸ್ತಾನಿನ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಟ್ಟವರು ಬೊರಿವಲಿಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದರು, ಫ್ಲಾಪಿಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು. ಯಾರು ಏನೇ ದೂರಿದರೂ "ಮೊದಲು ನೋಡುವ, ಆಮೇಲೆ ಬೈಯುವ" ಎನ್ನುತ್ತಿದ್ದರು.

ಹೊಸ ಸರ್ವರ್ ಬಂದ ಮೇಲೆ ಆ ಪ್ರೋಗ್ರಾಮ್ ಪದೇ ಪದೇ ನಿಂತುಹೋಗತೊಡಗಿತು. ಸರ್ವರ್ ಮಾರಿದವನು ಬೂಟು ಹಾಕಿಕೊಂಡೇ ಎಸಿ ಕೋಣೆಗೆ ನುಗ್ಗಿ, "ಪುರಾನಾ ಹೈ, ಫೇಂಕ್ ದೋ" ಎಂದು ಹಳೆಯ ಪ್ರೋಗ್ರಾಮನ್ನೇ ಬಿಸಾಡಲು ಹೇಳಿದ. ಪ್ರೋಗ್ರಾಮ್ ಬರೆದ ಇವರು ಚಪ್ಪಲಿ ಹೊರಗೆ ಬಿಟ್ಟು ಬಂದು, ಗುಮಾಸ್ತರಾದ ನಮ್ಮಿಬ್ಬರ ಹಿಂದೆ ಅರ್ಧ ದಿನ ನಿಂತು ನೋಡಿದರು. ಒಮ್ಮೆಗೆ ಒಬ್ಬರೇ ತೆರೆಯಲೆಂದು ಬರೆದ ಫೈಲನ್ನು ಹೊಸ ಸರ್ವರ್‌ನಲ್ಲಿ ನಾವಿಬ್ಬರೂ ಒಟ್ಟಿಗೇ ತೆರೆಯುತ್ತಿದ್ದೆವು, ಅಷ್ಟೇ. ಸಂಜೆಯೊಳಗೆ ಸರಿಮಾಡಿದರು.

ನಮ್ಮ ಸಾಹೇಬರು ಶಾಭಾಸ್ ಎಂದು ಕುಲುಕಿದ್ದು ಯಾರ ಕೈ? ಬೂಟಿನವನದು! ಇವರ ಚಪ್ಪಲಿಗಳನ್ನೋ, ಬಾಗಿಲಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಮೆಟ್ಟಿಲ ಕೆಳಗೆ ಎಸೆಸಿದ್ದರು.

"ನೋಡಿ ಆಯ್ತಲ್ಲ ಸರ್, ಈಗಾದ್ರೂ ಬೈಯಿರಿ!" ಎಂದೆ.

ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ಅವರೆಂದರು: "ಮೊದಲು ಇನ್ನೊಂದು ಸಿಗಲಿ ಮಾರಾಯ."