ಮೂರು ಸಾವಿರ ಉಳಿಸಿದ ಚಿಕ್ಕಿ

ಬುಧವಾರ ಹಿತ್ತಿಲ ಕಟ್ಟೆಯ ಮೇಲೆ ಕೂತು ಬಂಗುಡೆ ಕೊಯ್ಯುತ್ತಿದ್ದೆ. ಎಂಟು ಬಂಗುಡೆ. ನಿಜಕ್ಕೂ ಹತ್ತಿದ್ದವು. ಹತ್ತರ ಪಾಲಿಗೆ ಮೀನಿನವಳು ಮೂವತ್ತು ಹೇಳಿದಳು, ನಾನು ಇಪ್ಪತ್ತೈದಕ್ಕೆ ಜಗ್ಗಿದೆ. ಅವಳು "ಆಯ್ತು" ಎಂದು ಪಾಲಿನಿಂದ ಎರಡನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು.

"ಎರಡು ತೆಗ್ದೆ ಬಾಯೋರೇ. ಆಮೇಲೆ ಕಮ್ಮಿ ಕೊಟ್ಲು ಹೇಳಬೇಡಿ."

ನಮ್ಮ ಕಾರವಾರದ ಪೇಟೆಯಲ್ಲಿ ಇದು ದಿನಾ ನಡೆಯುವಂಥದ್ದು. ಐದು ರೂಪಾಯಿ ಉಳಿಯಿತೆಂದು ನಾನೂ ಖುಷಿಯಲ್ಲೇ ಮನೆಗೆ ಬಂದಿದ್ದೆ.

ಆಗ ಫೋನ್ ಬಂತು. ಕೈಯೆಲ್ಲ ರಕ್ತ, ಒಳಗೆ ಓಡಿ ಮೊಣಕೈಯಿಂದ ರಿಸೀವರ್ ಎತ್ತಿ ಭುಜಕ್ಕೆ ಒತ್ತಿಕೊಂಡೆ.

"ಚಿಕ್ಕೀ, ನಾನು ನಾಗವೇಣಿ. ಅಂಕೋಲಾ ಸ್ಟ್ಯಾಂಡಿಂದ ಮಾಡ್ತಿದ್ದೆ. ಒಂದ್ರುಪಾಯಿ ಕಾಯಿನ್ ಬಾಕ್ಸು, ಬೇಗ ಹೇಳ್ತೆ."

ನಾಗವೇಣಿ ನನ್ನ ಅಕ್ಕನ ಮಗಳು. ಅಮದಳ್ಳಿಯಲ್ಲಿ ತಾಯಿ, ಅಣ್ಣನ ಜೊತೆ ಇದ್ದಾಳೆ. ಹಿಲ್ಲೂರಿಗೆ ಕೊಟ್ಟಿದ್ದೆವು. ಮೂರು ವರ್ಷ ಬಾಳಿದಳು, ಒಂದೂವರೆ ವರ್ಷ ತವರಿನಲ್ಲಿ ಕೂತಳು, ಕಳೆದ ತಿಂಗಳು ವಿಚ್ಛೇದನ ಆಯಿತು. ಹೊಡೆತ ಬಡಿತ ಏನಿಲ್ಲ. ಇಬ್ಬರಿಗೂ ಕೂಡಿಬರಲಿಲ್ಲ, ಇಬ್ಬರೂ ಒಪ್ಪಿ ಸಹಿ ಹಾಕಿದರು. (ಹೀಗೆ ಬರೆಯಲು ನನಗೇ ಒಂದೂವರೆ ವರ್ಷ ಬೇಕಾಯಿತು. ಮೊದಲೆಲ್ಲ "ತವರಿಗೆ ಬಂದಿದ್ದಾಳೆ, ಹುಷಾರಿಲ್ಲ" ಎನ್ನುತ್ತಿದ್ದೆ.)

"ಹಿಲ್ಲೂರಿಗೆ ಹೋಗಿದ್ದೆ ಚಿಕ್ಕಿ."

"ಎಂತಕ್ಕೆ ಹೋದ್ಯೇ ಮಾರಾಯ್ತಿ, ಎಲ್ಲ ಮುಗಿದ ಮೇಲೆ?"

"ಮಿಶನ್ ಕೇಳೂಕೆ."

ಹೊಲಿಗೆ ಮಿಶನ್. ಮದುವೆಗೆ ಮೊದಲು ಊರವರ ಲಂಗ, ರವಿಕೆ ಹೊಲಿದು ಹೊಲಿದು ಅವಳೇ ಕೊಂಡದ್ದು. ಮದುವೆಯ ಟೆಂಪೋದಲ್ಲಿ ಕಪಾಟಿನ ಪಕ್ಕ ಅದನ್ನೂ ಹಗ್ಗ ಕಟ್ಟಿ ಕಳಿಸಿದ್ದೆವು. ಈಗ ಜೂನ್ ಹತ್ತಿರ ಬಂದಿದೆ, ಅರ್ಗಾ ಕಡೆಯ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿದೆ. ಅದೊಂದು ಹಿಡಿದರೆ ಅಣ್ಣನ ಮುಂದೆ ಸೋಪಿಗೂ ಕೈಯೊಡ್ಡುವುದು ತಪ್ಪುತ್ತದೆ.

"ಅಂವ ಎಂತ ಹೇಳ್ದ?"

"ಎಂತದೂ ಹೇಳ್ಲಿಲ್ಲ. ಒಳಗೆ ಹೋಗಿ ಕೋರ್ಟಿನ ಕಾಗದ ತಂದ. ಲ್ಯಾಮಿನೇಶನ್ ಮಾಡ್ಸಿ ಇಟ್ಕಂಡಾನೆ ಚಿಕ್ಕಿ!" ನಾಗವೇಣಿ ನಕ್ಕಳು. "ಮದುವೆ ಫೋಟೋಕ್ಕೂ ಮಾಡ್ಸಿರಲಿಲ್ಲ. 'ಇಬ್ಬರ ನಡುವೆ ಕೊಡೂದು ತಕ್ಕಂಬೂದು ಎಂತದೂ ಇಲ್ಲ' ಅಂತ ಇತ್ತಲ್ಲ, ಆ ಸಾಲಿನ ಮೇಲೆ ಬೆರಳಿಟ್ಟು ತೋರ್ಸ್ದ. ಒಳಗೆ ಅವನ ಅತ್ತಿಗೆ ಮಿಶನ್ ತುಳಿಯೂದು ಕೇಳ್ತಾ ಇತ್ತು. ನಾ ಎಂತ ಹೇಳ್ಲಿ? ಕೆಳಗೆ ನನ್ನದೇ ಸಹಿ..."

ಟುಂಯ್ ಟುಂಯ್ ಎಂದು ಸದ್ದು ಬಂದು ಲೈನ್ ಕಟ್ಟಾಯಿತು. ಅವಳ ಹತ್ತಿರ ಇನ್ನೊಂದು ರೂಪಾಯಿ ಇರಲಿಲ್ಲವೇನೋ. ಅಥವಾ ಇದ್ದರೂ ಹಾಕಲಿಲ್ಲ.

ಆ ಸಾಲು ಆ ಕಾಗದದಲ್ಲಿ ಹೇಗೆ ಬಂತು, ಹೇಳಿಬಿಡುತ್ತೇನೆ. ದೇವರ ಮುಂದೆ ಹೇಳಿ ಆಯಿತು. ನಿಮ್ಮ ಮುಂದೆಯೂ ಹೇಳದೆ ಸಮಾಧಾನವಿಲ್ಲ.

ವಕೀಲರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನು. ಸೋಮವಾರ, ದೇವಸ್ಥಾನಕ್ಕೆ ಹೋಗಿ, ಹೂವು ಮುಡಿದುಕೊಂಡು ಹೋಗಿದ್ದೆ. ವಕೀಲರು ಎಂಟು ಸಾವಿರ ಎಂದರು.

"ಎಂಟಾ! ಜಗಳವಿಲ್ಲ, ತಕರಾರಿಲ್ಲ, ಇಬ್ಬರೂ ಒಪ್ಪಿದ್ದಾರೆ. ಎರಡು ಸಲ ಸಹಿ ಹಾಕೋದಕ್ಕೆ ಎಂಟು ಸಾವಿರವೇ ಸಾಹೇಬ್ರೇ?"

ವಕೀಲರು ಒಳ್ಳೆಯವರು. ಸಿಟ್ಟಾಗಲಿಲ್ಲ. "ನೋಡಿ ಅಮ್ಮಾ, ಬರೀ ಅರ್ಜಿ ಆದ್ರೆ ಐದರಲ್ಲಿ ಮುಗಿಸ್ತೇನೆ. ಹುಡುಗಿಯ ಸಾಮಾನು, ಪಾತ್ರೆ, ಬಂಗಾರ ಎಲ್ಲಾ ಪಟ್ಟಿ ಮಾಡಿ, ಅವರ ಕಡೆಯವರ ಹತ್ತಿರ ಮಾತಾಡಿ, ವಾಪಸ್ ಬಂದ ಮೇಲೆ ಸಹಿ ಹಾಕ್ಸೋದಾದ್ರೆ ನಾಲ್ಕು ಸಲ ಓಡಾಟ ಇದೆ. ಪಟ್ಟಿ ಬಿಡ್ಲಾ?"

ಕೇಳಿದಿರಲ್ಲ? ಹೇಳಿಯೇ ತೆಗೆದರು. ಥೇಟ್ ಮೀನಿನವಳ ಹಾಗೆ. ಯಾವ ಎರಡು ಬಂಗುಡೆ ಬುಟ್ಟಿಗೆ ವಾಪಸ್ ಹೋಗುತ್ತಿವೆ ಎಂದು ಕಣ್ಣೆದುರೇ ತೋರಿಸಿದರು.

ನಾಗವೇಣಿ ಬಾಯಿ ತೆರೆದಳು. "ಚಿಕ್ಕಿ, ನನ್ನ ಮಿಶನ್..."

ನಾನು ಮೇಜಿನ ಕೆಳಗೆ ಅವಳ ಮೊಣಕಾಲನ್ನು ಒತ್ತಿ ಹಿಡಿದೆ. ಗಟ್ಟಿಯಾಗಿ.

"ಬಿಡಿ ಸಾಹೇಬ್ರೇ" ಎಂದೆ. ಪಟ್ಟಿಯ ಜಾಗದಲ್ಲಿ ಆ ಒಂದು ಸಾಲು ಬಂತು.

ಯಾಕೆ ಹಾಗೆ ಮಾಡಿದೆ? ಕೊಡುವ ದುಡ್ಡು ನನ್ನದು, ಹಾಗಾಗಿ ಮಾತೂ ನನ್ನದೇ ಎಂದುಕೊಂಡೆ. ಅದೊಂದು. ಇನ್ನೊಂದನ್ನು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ನಾಲ್ಕು ಸಲ ನಮ್ಮನ್ನು ಯಾರಾದರೂ ನೋಡಿದರೆ? ಭಜನೆಗೆ ಬರುವವರು ಕೇಳಿದರೆ? ಅವಳ ಮಿಶನ್‌ಗಿಂತ ನನ್ನ ಮುಖ ದೊಡ್ಡದಾಯಿತು. ಎರಡು ಸಲದಲ್ಲಿ ಮುಗಿಯುತ್ತದೆಂದರೆ ಐದಲ್ಲ, ಆರು ಸಾವಿರವನ್ನೂ ಕೊಡುತ್ತಿದ್ದೆ. ಚೌಕಾಸಿಯೆಲ್ಲ ಮೇಲಿನ ವೇಷ.

ಇದೇ ಹುಡುಗಿಯ ಮದುವೆಯಲ್ಲಿ ವಿಡಿಯೋದವನು ಹೇಳಿದಷ್ಟು ಕೊಟ್ಟೆವು. ಒಬ್ಬರಾದರೂ ಚೌಕಾಸಿ ಮಾಡಿದೆವೇ? (ಆ ಕ್ಯಾಸೆಟ್ ಈಗ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ.)

ಆರು ತಿಂಗಳ ನಂತರ ಎರಡನೇ ಸಲ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಅವಳನ್ನು ಕೇಳಿದರು: "ಯಾರ ಒತ್ತಾಯವೂ ಇಲ್ಲ ತಾನೆ?" ಅವಳು ಹಿಂದೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ "ಇಲ್ಲ" ಎಂದಳು. ಧೈರ್ಯಕ್ಕೆ ನೋಡಿದಳು ಎಂದುಕೊಂಡಿದ್ದೆ ನಾನು.

ಅವತ್ತು ಸಂಜೆ ದೇವರಿಗೆ ಕಾಯಿ ಒಡೆಸಿದೆ. ನಾನು ಇಂಥ ಸಣ್ಣ ಸಣ್ಣ ಕೃಪೆಗಳನ್ನು ಲೆಕ್ಕ ಇಡುವವಳು. ಮಳೆಗೆ ಮೊದಲು ಕಟ್ಟಿಗೆ ಒಣಗಿದ್ದು, ಬಸ್ಸಿನಲ್ಲಿ ಕಿಟಕಿ ಸಿಕ್ಕಿದ್ದು, ಎಲ್ಲಕ್ಕೂ ಕೈ ಮುಗಿಯುತ್ತೇನೆ. ಗಲಾಟೆಯಿಲ್ಲದೆ, ಮೂರು ಸಾವಿರ ಉಳಿದು ಮುಗಿಯಿತಲ್ಲ, ನಿನ್ನ ದಯೆ ಎಂದೆ. ಮನೆಯವರ ಮುಂದೆಯೂ ಹೇಳಿಕೊಂಡೆ. ಅವರು "ಭಾರೀ ಆಯ್ತು, ಇನ್ನು ನೀನೇ ಕರಿ ಕೋಟು ಹಾಕು" ಎಂದು ನಕ್ಕರು. ನನಗೆ ಹೆಮ್ಮೆಯೇ ಆಯಿತು.

ದೇವರು ಆ ಕಾಯಿಯನ್ನು ಹೇಗೆ ಸ್ವೀಕರಿಸಿದನೋ.

ನಿನ್ನೆ ವಕೀಲರಿಗೆ ಫೋನ್ ಮಾಡಿದ್ದೆ. "ನೋಟಿಸು ಕಳಿಸಬಹುದು ಅಮ್ಮಾ, ಆದ್ರೆ ಆ ಸಾಲು ಅಡ್ಡ ಬರ್ತದೆ" ಎಂದರು. "ನಾನು ಅವತ್ತೇ ಕೇಳಿದ್ನಲ್ಲ?" ಎನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಭಾನುವಾರ ಅಮದಳ್ಳಿಗೆ ಹೋಗುತ್ತೇನೆ. ಉಳಿಸಿದೆ ಎಂದು ಬೀಗಿದ ಮೂರು ಸಾವಿರವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ, ಹಳೆಯದಾದರೂ ಒಂದು ಮಿಶನ್ ಸಿಗುತ್ತದೇನೋ. ಆದರೆ ಮೊದಲು ಅವಳ ಮುಖ ನೋಡಿ ಒಂದು ಮಾತು ಹೇಳಬೇಕು. ದುಡ್ಡು ಕೊಡುವುದೇ ಸುಲಭ ಅನ್ನಿಸುತ್ತಿದೆ.

ಬುಧವಾರ ಫೋನಿಟ್ಟು ಹಿತ್ತಿಲಿಗೆ ಹೋದರೆ ಬೆಕ್ಕು ಒಂದು ಬಂಗುಡೆ ಕಚ್ಚಿಕೊಂಡು ಹೋಗಿತ್ತು. ಉಳಿದ ಏಳಕ್ಕೆ ಉಪ್ಪು, ಅರಿಶಿನ ಹಚ್ಚುತ್ತ ಕೂತೆ.

ತಕರಾರಿಲ್ಲ, ತಕರಾರಿಲ್ಲ ಎಂದು ವಕೀಲರ ಮುಂದೆ ಹೇಳಿದೆನಲ್ಲ, ನಾಗವೇಣಿ ಅದನ್ನು ಯಾವಾಗ ಹೇಳಿದ್ದಳು?